ಉಲ್ಟಾ ವಾಲ್ವು

ಆಗಸ್ಟಿನಲ್ಲಿ ಉಣ್ಣೆಕೋಟು ಕೇಳಿದವನನ್ನು
ಶಾರ್ಜಾದ ರೋಲಾ ಪೇಟೆಯಲ್ಲಿ ಯಾರೂ ಹುಚ್ಚನೆನ್ನಲಿಲ್ಲ.
ಗುಲ್ ಜಮಾನ್ ಏಣಿ ಹತ್ತಿ ಅಟ್ಟದಿಂದ ಗಂಟೊಂದನ್ನು ಇಳಿಸಿದ.
ಹೋದವರು ಯಾರೋ ಬಿಟ್ಟದ್ದು, ಅಥವಾ
ಹೋಗಲಾಗದೆ ಮಾರಿದ್ದು.
ನುಸಿಗುಳಿಗೆಯ ವಾಸನೆ. ಒಂದು ತೋಳು ತೂರಿಸುವುದರೊಳಗೆ
ಬೆನ್ನಹುರಿಯಲ್ಲಿ ಬೆವರಿನ ಕಾಲುವೆ.
"ಗುಂಡಿ ಹಾಕು, ಪೂರ್ತಿ ಹಾಕು," ಎಂದ.
"ಸ್ವಾತಿನಲ್ಲಿ ನಮ್ಮ ಮನೆ ಬಾಗಿಲು ಒಳಕ್ಕೆ ತೆರೆಯುತ್ತದೆ.
ಹೊರಕ್ಕೆ ತೆರೆಯುವ ಬಾಗಿಲಿನ ಮನೆ ಹಿಡಿಯಬೇಡ.
ರಾತ್ರಿ ಬೀಳುವುದಕ್ಕೆ ಸದ್ದಿಲ್ಲ,
ಬೆಳಗ್ಗೆ ನೂಕಿದಾಗಲೇ ಗೊತ್ತಾಗುವುದು."
ಎಂಬತ್ತು ದಿರಹಂ ಹೇಳಿದ, ಐವತ್ತೈದಕ್ಕೆ ಕೊಟ್ಟ.

ಊರಿನ ಹೆಸರು ಸಸ್ಕಟೂನ್.
ರೂಮಿನಲ್ಲಿ ಯಾರ ನಾಲಗೆಗೂ ಹೊರಳದು.
ಇದ್ದಿನಬ್ಬ "ಸಾಸಿವೆಕೋಣೆ" ಅಂದ, ಅದೇ ನಿಂತಿತು.
"ಸಾಸಿವೆಕೋಣೆಯಲ್ಲಿ ಎಷ್ಟು ಡಿಗ್ರಿ?"
"ಮೈನಸ್ ಮೂವತ್ತಂತೆ."
"ನನ್ನ ಮೀನಿಗೆ ಮೈನಸ್ ಹದಿನೆಂಟು ಸಾಕು ಮಾರಾಯ,
ನೀನೇನು ಮೀನಿಗಿಂತ ಹೆಚ್ಚು ಬಾಳಬೇಕಾ?"

ಹದಿನೇಳು ವರ್ಷ ನಾನು ಮಾಡಿದ್ದು ತಂಪಿನ ಕೆಲಸ.
ಇಪ್ಪತ್ತೆಂಟನೇ ಮಹಡಿಯ ತಾರಸಿಯಲ್ಲಿ
ಮುಟ್ಟಿದರೆ ಬೊಬ್ಬೆ ಏಳುವ ತಗಡಿನ ಮೇಲೆ
ಗೋಣಿ ಹಾಸಿ ಕುಳಿತು
ಕೆಳಗೆ ಮಲಗಿದವರ ನಿದ್ದೆ ರಿಪೇರಿ ಮಾಡಿದ್ದೇನೆ.
ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಕುದಿನೀರು ಬರುವ ಊರು ಇದು.
ಗೀಜರು ಆರಿಸಿ, ಅದರೊಳಗೆ ನಿಂತು ತಣಿದ ನೀರಲ್ಲಿ
ಮೀಯುತ್ತೇವೆ ಎಂದರೆ
ಫೋನಿನಲ್ಲಿ ಮೈಮೂನ ನಗುತ್ತಾಳೆ, ನಂಬುವುದಿಲ್ಲ.

ಮೇಸ್ತ್ರಿ ಔಸೇಪಣ್ಣ ಮೊದಲ ದಿನವೇ ಹೇಳಿದ್ದ:
ತಂಪು ಅಂತ ಒಂದು ವಸ್ತುವೇ ಇಲ್ಲ,
ಇರುವುದು ಬಿಸಿ ಒಂದೇ.
ಅದನ್ನು ಒಳಗಿಂದ ಎತ್ತಿ ಹೊರಗೆ ಚೆಲ್ಲುವ ಕೂಲಿಗಳು ನಾವು.
ಈಗ ಹೊಸ ಕಂಪನಿಯ ಕಾಗದದಲ್ಲಿ ಬರೆದಿದೆ:
ಯಂತ್ರ ಅದೇ, ಗ್ಯಾಸೂ ಅದೇ, ತಾಮ್ರದ ಕೊಳವೆಯೂ ಅದೇ.
ಒಂದು ವಾಲ್ವು ಮಾತ್ರ ಉಲ್ಟಾ.
ಹಿಮದಿಂದ ಬಿಸಿ ಹೆಕ್ಕಿ ಮನೆಯೊಳಗೆ ತರಬೇಕು.
ಹಿಮದಲ್ಲಿ ಬಿಸಿ ಎಲ್ಲಿರುತ್ತದೆ?
ಲೆಕ್ಕದಲ್ಲಿ ಇರುತ್ತದಂತೆ.
ನಾನು ಲೆಕ್ಕದಲ್ಲಿ ಪಾಸಾದವನಲ್ಲ.

ನನ್ನ ಮಂಚಕ್ಕೆ ಕಾಪುವಿನ ಹುಡುಗನೊಬ್ಬ ಬರುತ್ತಾನೆ.
ನೋಡಲು ಬಂದವನು ಕೇಳಿದ್ದು ಒಂದೇ:
"ಗಾಳಿ ಎಲ್ಲಿಗೆ ಬೀಸುತ್ತದೆ, ತಲೆಗೋ ಕಾಲಿಗೋ?"
ನನಗೂ ಅದನ್ನೇ ಕೇಳಲಿಕ್ಕಿತ್ತು, ಸಂದರ್ಶನದ ದಿನ.
ನಾಚಿಕೆಯಾಯಿತು.

ಶುಕ್ರವಾರ ಜುಮಾ ಮುಗಿಸಿ ಇದ್ದಿನಬ್ಬ
ಮೀನಿನ ಗೋದಾಮಿಗೆ ಕರೆದೊಯ್ದ.
"ಅಭ್ಯಾಸ ಮಾಡು" ಅಂತ ಬೀಗ ತೆಗೆದು ಒಳಗೆ ದೂಡಿದ.
ಕೋಟು, ಟೊಪ್ಪಿ, ಪುಷ್ಕರನ ಕಾಲುಚೀಲ ಎರಡು ಜೊತೆ.
ಅಂಜಲು, ಬಂಗುಡೆ, ಹೆಸರು ತಿಳಿಯದ ಒಮಾನಿನ ಮೀನು,
ಎಲ್ಲ ಕಣ್ಣು ತೆರೆದೇ ಮಲಗಿದ್ದವು.
ಮೊದಲ ನಿಮಿಷ ಸುಖ.
ಎರಡನೆಯದರಲ್ಲಿ ಮೂಗಿನ ಕೂದಲು ತಂತಿಯಾಯಿತು.
ಐದರಲ್ಲಿ ಬೆರಳುಗಳು ಬೇರೆ ಯಾರದೋ.
ಏಳರಲ್ಲಿ, ನಗಬೇಡಿ, ನನಗೆ ಬೆವರಬೇಕೆನಿಸಿತು.
ಗೋಣಿ, ತಗಡು, ಬಾಟಲಿಯೊಳಗೆ ಕಾದ ನೀರು,
ದಿನಾ ಬೈದುಕೊಂಡೇ ಕಳೆದ ಅಷ್ಟೂ ಬಿಸಿಲು,
ಅದನ್ನೆಲ್ಲ ಯಾರ ಹೆಸರಿಗೆ ಬರೆದು ಹೋಗಲಿ?

ಹೊರಬಂದೆ. ಕನ್ನಡಕ ಒಮ್ಮೆಗೇ ಬೆಳ್ಳಗಾಯಿತು.
ಇಲ್ಲಿ ಹೊರಗೆ ಬಂದರೆ ಕುರುಡು,
ಅಲ್ಲಿ ಮನೆಯೊಳಗೆ ಹೋದರಂತೆ.
ಒರೆಸಲಿಲ್ಲ. ಗೋಡೆ ಸವರುತ್ತ
ಗೋದಾಮಿನ ಹಿಂಬದಿಗೆ ನಡೆದೆ.
ಅಲ್ಲಿ ದೊಡ್ಡ ಫ್ಯಾನುಗಳು ಮೀನಿನ ಬಿಸಿಯನ್ನೆಲ್ಲ
ನಲವತ್ತಾರು ಡಿಗ್ರಿಯ ಮಧ್ಯಾಹ್ನಕ್ಕೆ ಊದುತ್ತಿದ್ದವು.
ಎರಡೂ ಕೈ ಚಾಚಿ ನಿಂತೆ, ಚಳಿ ಕಾಯಿಸುವವನ ಹಾಗೆ.
ಲಾರಿ ತುಂಬುವ ಹುಡುಗರು ಕೆಲಸ ನಿಲ್ಲಿಸಿ ನೋಡಿದರು.

ಮೂರನೇ ಫ್ಯಾನಿನ ಬೇರಿಂಗು ಸವೆದಿದೆ,
ಸದ್ದಿನಲ್ಲೇ ಗೊತ್ತಾಗುತ್ತದೆ.
ಇದ್ದಿನಬ್ಬನಿಗೆ ಹೇಳಬೇಕು,
ಹೋಗುವ ಮೊದಲು.