ಮೂವತ್ತೆಂಟು ಹಲಗೆ

ಯುಗಾದಿ ಮುಂಚೆ ಒಮ್ಮೆ ಒಳಗೆ ತೆವಳಲೇಬೇಕು.
ಬಾಗಿಲು ಎರಡೂವರೆ ಅಡಿ. ಮೊದಲು ತಲೆ, ಆಮೇಲೆ ಒಂದು ಭುಜ,
ಆಮೇಲೆ ಸೆರಗು. ಅದು ಪ್ರತಿ ಸಲ ಅದೇ ಮೊಳೆಗೆ ಸಿಕ್ಕಿಕೊಳ್ಳುತ್ತದೆ.
ಅದನ್ನು ಬಡಿದು ಕೂರಿಸಬೇಕೆಂದು
ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ.

ಅಂಗಾತ ಮಲಗಿದರೆ ಕಾಲು ಹಿತ್ತಿಲಲ್ಲಿ, ಮುಖ ಮಾಡಿನಡಿ.
ಬೆರಳ ಗೆಣ್ಣಿನಿಂದ ಒಂದೊಂದೇ ಹಲಗೆ ತಟ್ಟುತ್ತೇನೆ,
ಸಂತೆಯಲ್ಲಿ ತೆಂಗಿನಕಾಯಿ ತಟ್ಟಿದ ಹಾಗೆ.
ಗಟ್ಟಿ ಅಂದರೆ ಗಟ್ಟಿ.
ಟೊಳ್ಳು ಅಂದರೆ ಗೆದ್ದಲು
ನನ್ನನ್ನು ಕೇಳದೆ ಗೃಹಪ್ರವೇಶ ಮಾಡಿದೆ.

ಗಿರಣಿ ಹರಾಜಾದ ವರ್ಷ, ಕದಿರು ತುಂಬಿ ಬಂದಿದ್ದ ಪೆಟ್ಟಿಗೆಗಳನ್ನು
ಸೌದೆ ರೇಟಿಗೆ ಹೊತ್ತು ತಂದವರು ಇವರು.
ಸಂದಿಯಲ್ಲಿ ಇನ್ನೂ ಹತ್ತಿಯ ಎಳೆ ಇದೆ.
ಉಪ್ಪುಕಾಗದ ಉಜ್ಜಿದಾಗ ಎದ್ದು ಮೂಗಿಗೆ ಅಂಟುತ್ತದೆ.
ಮಾವ ಮೂವತ್ತು ವರ್ಷ ಕೆಮ್ಮಿದ್ದು ಇದನ್ನೇ.

ದಾವಣಗೆರೆಯಲ್ಲಿ ಇದು ನಮಗೆ ಐದನೇ ಮನೆ.
ನಿಟುವಳ್ಳಿ, ವಿನೋಬನಗರ, ಮತ್ತೆ ನಿಟುವಳ್ಳಿಯ ಬೇರೊಂದು ಓಣಿ,
ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಹನ್ನೊಂದು ತಿಂಗಳು,
ಈಗ ಚಾನಲ್ ಪಕ್ಕ, ಬಕ್ಕೇಶಪ್ಪನವರ ಹಿಂದಿನ ಪೋರ್ಷನ್ನು.
ಪ್ರತಿ ಸಲ ಇದನ್ನು ಬಿಚ್ಚಿ, ಹಲಗೆಯ ಬೆನ್ನಿಗೆ ಸೀಮೆಸುಣ್ಣದಲ್ಲಿ
೧ರಿಂದ ೩೮ರವರೆಗೆ ಬರೆದು
ಟೆಂಪೋದ ತಳಕ್ಕೆ ಹಾಸುತ್ತೇವೆ. ಮೇಲೆ ಬೀರು, ಮಂಚ, ನನ್ನ ಹೊಲಿಗೆ ಯಂತ್ರ.

೬ಕ್ಕೂ ೯ಕ್ಕೂ ಒಂದು ಬಾಲದಷ್ಟೇ ವ್ಯತ್ಯಾಸ.
ಮೂರನೇ ಮನೆಯಲ್ಲಿ ಅವು ಅದಲುಬದಲಾಗಿ
ಅಂದಿನಿಂದ ಕಿಟಕಿ ಓರೆ.
ಸರಿಮಾಡುತ್ತೇನೆ ಅಂದರೆ ಸಿಂಚನಾ ಬಿಡಲಿಲ್ಲ.
'ಓರೆ ಇದ್ರೆನೇ ಟೆಂಪೋ ಬರೋದು ಕಾಣ್ತೈತಿ.'

ಹೊಸ ಓನರುಗಳೆಲ್ಲ ಕೇಳುತ್ತಾರೆ, ಎಷ್ಟು ಜನ?
ಮೂರು.
ಸಾಮಾನು?
ಅಂಥಾದ್ದೇನಿಲ್ಲ, ಒಂದು ಮನೆ ಇದೆ.

ಕಾಲು ನಾಲ್ಕೂ ಇಟ್ಟಿಗೆಯ ಮೇಲೆ ನಿಲ್ಲಬೇಕು, ಮಣ್ಣು ಸೋಕಬಾರದು.
ಕಾಲಿಗೆ ಗೇರೆಣ್ಣೆ, ಗೋಡೆಗೆ ಅಗಸೆ ಎಣ್ಣೆ ಎರಡು ಕೈ,
ಮೊದಲ ಕೈ ಒಣಗದೆ ಎರಡನೆಯದಕ್ಕೆ ಆತುರಪಡಬಾರದು.
ಬಿಜಾಗರಿಗೆ ತಲೆಗೆ ಹಚ್ಚಿ ಉಳಿದ ಹರಳೆಣ್ಣೆ ಸಾಕು.
ಬೆರಳು ಸಿಗುವ ಕಡೆಯೆಲ್ಲ ಅಂಚು ತೀಡಬೇಕು, ನನ್ನ ಬೆರಳಿನಿಂದಲ್ಲ,
ಐದು ವರ್ಷದವಳ ಬೆರಳಿನಿಂದ ಅಳೆದು.

ಸಿಂಚನಾಗೆ ಈಗ ಆರನೇ ಕ್ಲಾಸು. ಬಾಗಿಲ ಪಟ್ಟಿಗೆ ಹಣೆ ಬಡಿಯುತ್ತದೆ.
ಹಾಗಾಗಿ ಮನೆ ಬಾಡಿಗೆಗೆ ಬಿಟ್ಟಿದ್ದಾಳೆ,
ಬಕ್ಕೇಶಪ್ಪನವರ ಮೊಮ್ಮಗಳು ಪ್ರಣತಿಗೆ.
ತಿಂಗಳಿಗೆ ಎಂಟು ಹುಣಸೆಬೀಜ, ಅಡ್ವಾನ್ಸು ಒಂದು ಬೊಗಸೆ.
ಇದು ನನಗೆ ಗೊತ್ತಾದದ್ದು ಈ ಸಲ, ಅಂಗಾತ ಮಲಗಿದ್ದಾಗ,
ಇಪ್ಪತ್ತೆರಡನೇ ಹಲಗೆಯ ಮೇಲೆ, ಪೆನ್ಸಿಲಿನಲ್ಲಿ:

ಗೋಡೆಗೆ ಮೊಳೆ ಹೊಡೆಯುವಂತಿಲ್ಲ.
ನೆಂಟರು ಬಂದರೆ ಮೊದಲೇ ಹೇಳಬೇಕು.
ನೀರು ದಿನ ಬಿಟ್ಟು ದಿನ.
ಹತ್ತು ಗಂಟೆ ಮೇಲೆ ಸದ್ದು ಮಾಡುವಂತಿಲ್ಲ.
ಖಾಲಿ ಮಾಡುವಾಗ ಸುಣ್ಣಬಣ್ಣ ನಿಮ್ಮದೇ.

ಐದು ಮನೆಯ ಐದು ಮಾತು.
ಒಂದನ್ನೂ ನಾವು ಅವಳಿಗೆ ಹೇಳಿಕೊಟ್ಟಿದ್ದಲ್ಲ.

ಮೊನ್ನೆ ಅಕಾಲದಲ್ಲಿ ನಾಲ್ಕು ಹನಿ ಬಿತ್ತು.
ಪ್ರಣತಿ ಹೊರಬಂದು, ಸೊಂಟಕ್ಕೆ ಕೈಯಿಟ್ಟು,
'ಓನರ್ರೇ, ಮಾಡು ಸೋರ್ತೈತ್ರಿ' ಅಂದಳು.
ಸಿಂಚನಾ ಆಕಾಶ ನೋಡಿದಳು, ಗಂಟಲು ಸರಿಮಾಡಿಕೊಂಡಳು.
'ಮುಂದಿನ ತಿಂಗಳು ನೋಡಾಣ ಬಿಡವ್ವ.'

ಅದೇ ಗಂಟಲು, ಅದೇ ಎಳೆತ.
ಕಟ್ಟೆಯ ಮೇಲೆ ಬಕ್ಕೇಶಪ್ಪನವರ ಪೇಪರು
ಸ್ವಲ್ಪ ಹೊತ್ತು ಹಾಳೆ ಮಗುಚಲಿಲ್ಲ.
ನಮ್ಮ ಬಚ್ಚಲ ಮಾಡು ಕಾರ್ತೀಕದಿಂದ ಸೋರುತ್ತಿದೆ,
ಅದಿನ್ನೂ ಸೋರುತ್ತಲೇ ಇದೆ.

ರಾತ್ರಿ ಊಟ ಮುಗಿಸಿ, ಟಾರ್ಚು ಹಲ್ಲಿಗೆ ಕಚ್ಚಿ ಮತ್ತೆ ತೆವಳಿದೆ.
ಮೂವತ್ತೊಂದರ ಸಂದಿಗೆ ಮೇಣ, ಮರದ ಪುಡಿ, ಅಂಟು.
ಇನ್ನೊಂದು ತಿಂಗಳು ಬಾಡಿಗೆದಾರಳು ನೆನೆಯುವುದಿಲ್ಲ.
ಹೊರಡುವಾಗ ಸೆರಗು ಜಗ್ಗಿತು.
ಸುತ್ತಿಗೆ ಕೈಯಲ್ಲೇ ಇತ್ತು. ಎತ್ತಿದೆ.

ಹತ್ತು ದಾಟಿತ್ತು.
ಸೆರಗು ಬಿಡಿಸಿಕೊಂಡು ಹೊರಬಂದೆ.