ಮಕ್ಕರಿಯ ಒಂಬತ್ತು ದಿನ

ಪುಳಿಯಂಪಟ್ಟಿ ಸಂತೆಯಲ್ಲಿ ಅರ್ಧ ಗಂಟೆ ಚೌಕಾಸಿ.
ಅವನು ತಮಿಳಲ್ಲಿ ಇಳಿಯಲಿಲ್ಲ, ನಾನು ಕನ್ನಡದಲ್ಲಿ ಏರಲಿಲ್ಲ.
ಕೊನೆಗೆ ಎಂಟುನೂರ ಐವತ್ತು.
ಗೊಬ್ಬರದ ಚೀಲಕ್ಕೆ ತೂತು ಮಾಡಿ, ತಲೆ ಹೊರಗಿಟ್ಟು,
ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೆ.
ಕಂಡಕ್ಟರ್ ಜುಟ್ಟು ನೋಡಿ
‘ಇವರಿಗೂ ತಾಳವಾಡಿಗೇನಾ?’ ಎಂದ.
ದಿಂಬಂ ಘಾಟಿಯ ಪ್ರತಿ ತಿರುವಿನಲ್ಲೂ ಅದು
ಒಂದು ಕಣ್ಣಲ್ಲಿ ಕಾಡನ್ನು, ಇನ್ನೊಂದರಲ್ಲಿ ನನ್ನನ್ನು ನೋಡಿತು.
ಎರಡರ ಮೇಲೂ ನಂಬಿಕೆ ಹುಟ್ಟಿದ ಹಾಗೆ ಕಾಣಲಿಲ್ಲ.

ಮನೆಯಲ್ಲಿ ಏಳು ಯಾಟೆ.
ಹಳೆಯ ಹುಂಜವನ್ನು ಕಾಡುಬೆಕ್ಕು ಹೊತ್ತೊಯ್ದು ಐದು ತಿಂಗಳು.
ಅಂದಿನಿಂದ ಬೂದಿಬಣ್ಣದ ಮುದಿ ಯಾಟೆಯೇ ಯಜಮಾನಿ.
ಮೊಟ್ಟೆ ನಿಲ್ಲಿಸಿದ್ದಾಳೆ,
ಗಿಡುಗ ಕಂಡರೆ ಅವಳೇ ಕಿರುಚಬೇಕು,
ಒರಳು ಹತ್ತಿ ಎರಡು ಸಲ ಕೂಗಿಯೂ ಇದ್ದಾಳೆ
ಒಡೆದ ಶಂಖದ ಹಾಗೆ.
ಯಾಟೆ ಕೂಗಿದರೆ ಮನೆಗಾಗುವುದಿಲ್ಲ, ಕೊಯ್ದುಬಿಡಿ
ಎಂದರು ಬೀದಿಯವರು.
ಗಂಡ ಸತ್ತ ಮೂರನೆಯ ತಿಂಗಳು ತಾನೇ ನೇಗಿಲು ಹಿಡಿದಿದ್ದ
ನನ್ನತ್ತೆ ಕೆಂಪನಂಜಮ್ಮ
‘ಕೂಗ್ಲಿ ಬುಡಿ, ಯಾರಾರ ಒಬ್ರು ಕೂಗ್ಬೇಕಲ್ಲ’ ಅಂದಳು.

‘ಬಂದ ದಿನವೇ ಒಳಕ್ಕೆ ಬುಟ್ಟೀಯೆ, ಕಣ್ಣು ಕಿತ್ತಾವು’,
ಇದೂ ಅವಳದೇ ಮಾತು.
ಹಾಗಾಗಿ ಮಕ್ಕರಿ ಬೋರಲು, ಮೇಲೊಂದು ಕಲ್ಲು.
ಒಂದೇ ಜೋಳ, ಒಂದೇ ನೀರು, ನಡುವೆ ಬಿದಿರು.
ಯಾಟೆಗಳು ಒಂದು ಸುತ್ತು ಬಂದು
ತಿಪ್ಪೆಯ ಕಡೆ ಹೊರಟವು,
ಹೊಸಬನ ವಿಷಯ ಮಾತಾಡಿ ಮುಗಿಸಿದವರಂತೆ.

ಆ ಮಕ್ಕರಿ ನನಗೆ ಗೊತ್ತು.
ಸತ್ಯಮಂಗಲದಿಂದ ಮನೆಯಳಿಯನಾಗಿ ಘಾಟಿ ಹತ್ತಿದ ವರ್ಷ
ಅತ್ತೆ, ಅತ್ತೆಯ ತಾಯಿ, ಹೆಂಡತಿ, ಇಬ್ಬರು ನಾದಿನಿಯರು,
ನಾನು ಊಟಕ್ಕೆ ಕೂತರೆ ಐವರೂ ಸುಮ್ಮನಾಗುತ್ತಿದ್ದರು.
ಉಪ್ಪು ಎಲ್ಲಿದೆ ಎಂದು ಕೇಳಲು
ಎರಡು ತಿಂಗಳು ಬೇಕಾಯಿತು.

ಐದನೆಯ ರಾತ್ರಿ, ಗೂಡು ನಿದ್ದೆಗೆ ಬಿದ್ದ ಮೇಲೆ,
ದೀಪವಿಲ್ಲದೆ ಅವನನ್ನು ಎತ್ತಿಕೊಂಡು ಹೋಗಿ
ಅಡ್ಡಗೋಲಿನ ತುದಿಯಲ್ಲಿ ಕೂರಿಸಿದೆ.
ಎಚ್ಚರಾದಾಗ ‘ಇವನು ನಿನ್ನೆಯೂ ಇದ್ದನೇನೋ’
ಎಂದುಕೊಳ್ಳುತ್ತವಂತೆ.
ಎಂದುಕೊಳ್ಳಲಿಲ್ಲ.
ಬೂದಿಯವಳು ಕತ್ತು ಚಾಚಿ ಕುಕ್ಕಿದ ಏಟಿಗೆ ಜುಟ್ಟೆಲ್ಲ ರಕ್ತ.
ಅರಿಶಿನ ಮೆತ್ತುತ್ತ ನನ್ನ ಹೆಂಡತಿ ಗೌರಾಮಣಿ ಕೇಳಿದಳು:
‘ಎಂಟ್ನೂರೈವತ್ತು ರೂಪಾಯಿ ಗಂಡ್ಸಾ ಇದು?’
ಅವನು ಸೌದೆ ಒಟ್ಟಿಲ ಹಿಂದೆ ನಿಂತುಬಿಟ್ಟ.
ಪಕ್ಕದ ಮನೆಯ ಹುಂಜ ಕೂಗಿದಾಗಲೂ
ಕತ್ತು ಎತ್ತಿ, ನುಂಗಿಕೊಂಡ.

ಒಂಬತ್ತನೆಯ ದಿನ ಬದನೆ ಪಾತಿ ಅಗೆಯುತ್ತಿದ್ದೆ.
ಗುದ್ದಲಿಯಡಿ ಗೊಣ್ಣೆಹುಳ, ಬಿಳಿ, ಹೆಬ್ಬೆರಳ ಗಾತ್ರ.
ಓಡಿ ಬಂದ, ಎತ್ತಿದ, ತಿನ್ನಲಿಲ್ಲ.
ಕೆಳಗಿಟ್ಟ, ಎತ್ತಿದ, ಕೆಳಗಿಟ್ಟ.
ಗಂಟಲೊಳಗೆ ಸಣ್ಣ ಸದ್ದು, ಟುಕ್ ಟುಕ್ ಟುಕ್,
ಸರಿಯಾಗಿ ಮುಚ್ಚದ ನಲ್ಲಿಯಂಥದ್ದು.
ಈ ಸದ್ದು ಅವನಿಗೆ ಬರುತ್ತದೆಂದು
ಸಂತೆಯವನು ಹೇಳಿರಲಿಲ್ಲ,
ಹೇಳಿದ್ದರೆ ಇನ್ನೂ ಐವತ್ತು ಕೊಡುತ್ತಿದ್ದೆ.
ಮೊದಲು ಬಂದವಳು ಬೋಳುಕತ್ತಿನ ಪೋರಿ.
ತಿಂದು, ಅವನ ಕಡೆ ನೋಡದೆ ಹೋದಳು.
ಅವನು ಮತ್ತೆ ಕೆರೆದ.
ಈ ಸಲ ಮೂವರು.

ಬೂದಿಯವಳು ಒರಳಿಂದ ಇಳಿಯಲಿಲ್ಲ.

ರಾತ್ರಿ ಮುದ್ದೆ ಬಡಿಸುತ್ತ ಅತ್ತೆ ಅಂದಳು:
‘ನೀನೂ ಹಿಂಗೇ ಕನಪ್ಪಾ.
ಮೊದ್ಲ ಕೂಲೀಲಿ ಒಂದು ಪೊಟ್ಣ ಬೋಂಡ ತಂದು
ಬಾಗ್ಲಲ್ಲೇ ನಿಂತಿದ್ದೆ, ಒಂದೂ ತಿನ್ದೆ.’
ನನಗೆ ನೆನಪಿರಲಿಲ್ಲ.
ಅವಳೇ ಉಪ್ಪು ಇತ್ತ ತಳ್ಳಿದಳು.

ಬೆಳಗಿನ ಜಾವ ಗೂಡಿನೊಳಗಿಂದ ಒಂದು ಕೂಗು.
ಅರೆನಿದ್ದೆಯಲ್ಲಿ
ಯಾರ ಗಂಟಲೆಂದು ತಿಳಿಯಲಿಲ್ಲ.
ಕಿವಿಗೊಟ್ಟು ಮಲಗಿದ್ದೆ, ಇನ್ನೊಮ್ಮೆ ಬರಲಿ ಎಂದು.
ಗೌರಾಮಣಿ ಮಗ್ಗುಲಾದಳು:
‘ಎದ್ದು ಗೂಡು ತಗೀರಿ.
ಯಾರು ಕೂಗುದ್ರೇನು.’