ಚುಕ್ಕೆ ಗುರುತಿಲ್ಲದ್ದು

ಬೆಳಗಾವಿಯಿಂದ ಬೆಂಗಳೂರಿಗೆ, ಅಲ್ಲಿಂದ ಮಣಿಪಾಲಕ್ಕೆ
ಮೂರು ಕಚೇರಿಯ ಮೊಹರು ಹೊತ್ತು
ಬುಧವಾರ ಮೂರೂ ಮುಕ್ಕಾಲಿಗೆ ನನ್ನ ಮೇಜಿಗೆ ಬಂತು
ಚುಕ್ಕೆ ಗುರುತಿಲ್ಲದ ಪ್ರಶ್ನೆ, ಸಂಖ್ಯೆ ಸಾವಿರದ ನೂರ ನಲವತ್ತೇಳು.
'ನಾಳೆ ಹನ್ನೊಂದರೊಳಗೆ' ಎಂದು
ಶಿರಸ್ತೇದಾರರು ಕೆಂಪು ಶಾಯಿಯಲ್ಲಿ ಬರೆದು
ಕೆಳಗೆ ಎರಡು ಗೆರೆ ಎಳೆದಿದ್ದರು.

ಚುಕ್ಕೆ ಇದ್ದರೆ ಮಂತ್ರಿಗಳು ಎದ್ದು ನಿಂತು ಹೇಳಬೇಕು,
ಉಪಪ್ರಶ್ನೆ ಬರುತ್ತದೆ, ಗದ್ದಲವಾಗುತ್ತದೆ, ಮೇಜು ಕುಟ್ಟುತ್ತಾರೆ.
ಇದಕ್ಕೆ ಅದೇನೂ ಇಲ್ಲ.
ಬರೆದು ಕೇಳಿದ್ದಕ್ಕೆ ಬರೆದೇ ಕೊಟ್ಟು
ಸದನದ ಮೇಜಿನ ಮೇಲಿಟ್ಟರೆ ಆಯಿತು.
ಮೇಜಿನಿಂದ ಮೇಜಿಗೆ. ನಡುವೆ ಯಾರ ದನಿಯೂ ಏಳುವುದಿಲ್ಲ.

(ಅ) ಪೊಯ್ಯೆಕುದ್ರುವಿನ ಕಡವಿನಲ್ಲಿ
ಕೆಳಗಿನಿಂದ ಮೂರನೆಯ ಮೆಟ್ಟಿಲು ಇಲ್ಲದಿರುವುದು
ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?
(ಇ) ಅಂಬಿಗನಿಗೆ ಎಷ್ಟು ತಿಂಗಳ ಗೌರವಧನ ಬಾಕಿ ಇದೆ?
(ಈ) ಕುದ್ರುವಿಗೆ ಲಸಿಕೆಯ ಪೆಟ್ಟಿಗೆ ಹೋಗುವುದು ಹೇಗೆ?
(ವಿವರ ನೀಡುವುದು)

ಮೂರನೆಯದು.
ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ.
ಅರೆ ಉಬ್ಬರದಲ್ಲಿ ಕೆಳಗಿನ ನಾಲ್ಕು ಮುಳುಗಿರುತ್ತವೆ;
ಅವುಗಳಲ್ಲಿ ಒಂದು ಇಲ್ಲವೆಂದು ಬಲ್ಲದ್ದು
ದಿನಾ ಇಳಿಯುವ ಕಾಲು ಮಾತ್ರ.
ಶಾಸಕರು ಬಂದದ್ದು ಒಮ್ಮೆ, ಶಾಲೆಯ ಗೇಟಿನ ಉದ್ಘಾಟನೆಗೆ.
ಅವತ್ತು ತುಂಬು ಉಬ್ಬರ, ದೋಣಿ ನೇರ ಮೇಲಿನ ಮೆಟ್ಟಿಲಿಗೇ ತಾಗಿತ್ತು.

ಆಗ ನೆನಪಾಯಿತು: ಅಮ್ಮ
ಮರುವಾಯಿ ತೊಳೆಯುತ್ತಿದ್ದ ಕೈ ಸೆರಗಿಗೆ ಒರೆಸಿ
ಶಾಸಕರ ಹತ್ತಿರ ಹೋಗಿ ತುಳುವಿನಲ್ಲಿ ಏನೋ ಹೇಳಿದ್ದಳು.
ಹುಡುಗನೊಬ್ಬ ಫೋನಿನಲ್ಲಿ ಬರೆದುಕೊಂಡಿದ್ದ.
ನಾನು ನಾಚಿಕೊಂಡು ಹಿಂದೆ ನಿಂತಿದ್ದೆ,
ಕೊರಳಿನ ಗುರುತಿನ ಚೀಟಿಯನ್ನು ಬೆನ್ನುಮಗ್ಗುಲಾಗಿ ತಿರುಗಿಸಿ.

ನಾಲ್ಕು ವರ್ಷದಿಂದ ಕೇಳುತ್ತಿದ್ದಳು:
'ನಿನ್ನ ಆಫೀಸಿನವರಿಗೆ ಒಂದು ಮೆಟ್ಟಿಲು ಕಟ್ಟಲಿಕ್ಕೆ ಆಗುದಿಲ್ವಾ ಮಗಾ?'
'ಅದು ನಮ್ಮ ವಿಭಾಗಕ್ಕೆ ಬರುದಿಲ್ಲ' ಎನ್ನುತ್ತಿದ್ದೆ,
ಗಂಜಿಗೆ ಉಪ್ಪು ಹಾಕಿಕೊಳ್ಳುತ್ತ.
ಈಗ ಸದನದ ಮೂಲಕ ಕೇಳಿದ್ದಾಳೆ.
ಅಡುಗೆಮನೆಯಿಂದ ಜಗಲಿಗೆ ಆರು ಹೆಜ್ಜೆ;
ಅವಳ ಪ್ರಶ್ನೆ ಘಟ್ಟ ಹತ್ತಿ ಸುವರ್ಣ ಸೌಧ ಸುತ್ತಿ
ಸುವರ್ಣಾ ನದಿಯ ದಡಕ್ಕೆ ಮರಳಿದೆ,
ಬೈಗುಳವೆಲ್ಲ ದಾರಿಯಲ್ಲಿ ಉದುರಿ,
'ಇಲ್ಲದಿರುವುದು' ಎಂಬ ಇಸ್ತ್ರಿ ಹಾಕಿದ ಅಂಗಿ ತೊಟ್ಟು.

ಗಮನಕ್ಕೆ ಬಂದಿದೆಯೇ.
ಗಮನವೆಂದರೆ ಹೋಗುವುದು ಎಂದೂ ಅರ್ಥ,
ಹೈಸ್ಕೂಲಿನ ಪಂಡಿತರು ಹೇಳಿದ್ದರು: ಆಗಮನ, ನಿರ್ಗಮನ.
ಸರ್ಕಾರದ ಗಮನ ಬೆಳಿಗ್ಗೆ ಏಳೂ ಹತ್ತಕ್ಕೆ
ನೆರಿಗೆ ಎತ್ತಿ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು
ನಾಲ್ಕರಿಂದ ಎರಡಕ್ಕೆ ಕಾಲು ಹಾರಿಸಿ
ದೂಜಣ್ಣನ ದೋಣಿ ಹತ್ತುತ್ತದೆ.
ಅದರ ಎಡ ಮೊಣಕಾಲಿನಲ್ಲಿ ಹೋದ ಆಟಿಯ ಕಲೆ ಇದೆ.

ಬೆರಳಚ್ಚು ಮಾಡಿದೆ. (ಅ) ಬಂದಿದೆ.
(ಇ) ಒಂಬತ್ತು ತಿಂಗಳು.
(ಈ) ಸಿಸ್ಟರ್ ಸೆವ್ರಿನಾ ಕರ್ನೇಲಿಯೊ ಅವರ ತಲೆಯ ಮೇಲೆ.
ಶಿರಸ್ತೇದಾರರು ತಲೆ ಹೊಡೆದುಹಾಕಿ
'ಸುರಕ್ಷಿತವಾಗಿ ಸಾಗಿಸಲಾಗುತ್ತಿದೆ' ಎಂದರು.
ಒಂಬತ್ತು ತಿಂಗಳು 'ಅನುದಾನದ ಲಭ್ಯತೆ'ಯೊಳಗೆ ಕರಗಿತು.
(ಆ)ಕ್ಕೆ ಇದ್ದೇ ಇದೆ, ಪರಿಶೀಲನೆಯಲ್ಲಿದೆ.
'ಬಂದಿದೆ'ಯ ಮೇಲೆ ಪೆನ್ನು ಎತ್ತಿದವರು
ನನ್ನ ಮುಖ ನೋಡಿ ಬಿಟ್ಟರು.
ಅಷ್ಟು ಉಳಿಯಿತು. ಮೂರು ಅಕ್ಷರ.

ರಾತ್ರಿ ನೀರು ಅರ್ಧ ಏರಿತ್ತು. ಮೋಡ, ಒಂದು ಚುಕ್ಕೆಯೂ ಇಲ್ಲ.
ದೂಜಣ್ಣ ಜಲ್ಲೆ ಊರುತ್ತ ಏನೂ ಕೇಳಲಿಲ್ಲ;
ಅವನ ಒಂಬತ್ತು ತಿಂಗಳು ನನ್ನ ಚೀಲದಲ್ಲಿತ್ತು,
ತಿದ್ದಿದ ಕರಡಾಗಿ, ಟಿಫಿನ್ ಡಬ್ಬಿಯ ಅಡಿಗೆ.
ಆಚೆ ದಡದಲ್ಲಿ ಅಮ್ಮ ಟಾರ್ಚು ಹಿಡಿದಿದ್ದಳು,
ನನ್ನ ಮುಖಕ್ಕಲ್ಲ, ನೀರಿಗೆ,
ಮೂರನೆಯದು ಇರಬೇಕಾದ ಜಾಗಕ್ಕೆ.
'ಬತ್ತನಾ?' ಎಂದಳು.
'ಬತ್ತೆ' ಎಂದು
ಎರಡರಿಂದ ನಾಲ್ಕಕ್ಕೆ ಕಾಲು ಎತ್ತಿದೆ.